ಕ್ಯಾನಿನ ಕೊಳೆ ಯಾರ ತಲೆಗೆ?

ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಿದೆ. ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ಇನ್ನು ಕೆಲವೇ ದಿನಗಳಲ್ಲಿ ಕಡಲಿಗೆ ಇಳಿಯಲಿವೆ. ಧಕ್ಕೆಯಲ್ಲಿ ಬಲೆ ಸರಿಪಡಿಸುವವರ, ಬಣ್ಣ ಬಳಿಯುವವರ, ಇಂಜಿನ್ ಬಿಚ್ಚಿ ಜೋಡಿಸುವವರ ಗಡಿಬಿಡಿ ಆರಂಭವಾಗಿದೆ. ಸಮುದ್ರ ಪೂಜೆಗೆ ಹಾಲು, ಹೂವು, ತೆಂಗಿನಕಾಯಿ ಸಿದ್ಧವಾಗುತ್ತಿವೆ. ಈ ಸಡಗರದಲ್ಲಿ ಯಾರ ಕಣ್ಣಿಗೂ ಬೀಳದೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ಒಂದು ವಸ್ತುವಿದೆ. ಅದು ಡೀಸೆಲ್ ತುಂಬಿ ಸಾಗಿಸುವ ಕ್ಯಾನು. ಎರಡು ತಿಂಗಳ ಮಳೆಯನ್ನು ಅದು ಹೇಗೆ ಕಳೆಯಿತು, ಅದರ ಹೊಟ್ಟೆಯಲ್ಲಿ ಈಗ ಏನಿದೆ ಎಂದು ಇಣುಕಿ ನೋಡುವವರು ಕಡಿಮೆ. ಈ ವಾರ ನಾವು ಅದರ ಬಗೆಗೇ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಗಿರಣಿಯಲ್ಲಿ ದುಡಿಯುವವರಿಗೂ ಸಣ್ಣ ಅಂಗಡಿಯಿಟ್ಟು ಬದುಕುವವರಿಗೂ ಬೋಟಿನ ಕ್ಯಾನಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಕಾರಣವಿದೆ. ನಮ್ಮ ಓದುಗರಲ್ಲಿ ಅನೇಕರ ಅಣ್ಣನೋ ತಮ್ಮನೋ ಮಗನೋ ಬೋಟಿನಲ್ಲಿದ್ದಾನೆ. ಆ ಕ್ಯಾನನ್ನು ಮಾರುವವನು ನಮ್ಮ ಪೇಟೆಯ ವ್ಯಾಪಾರಿ. ಅದರ ಬಾಯಿ ಒರೆಸುವ ಹತ್ತಿಯ ಚಿಂದಿ ಬಂದದ್ದು ನೂಲಿನ ಗಿರಣಿಯಿಂದ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಯಂತ್ರ ನಿಂತಾಗ ಯಂತ್ರದ ಪಕ್ಕದಲ್ಲಿ ನಿಂತಿದ್ದವನನ್ನೇ ಹಿಡಿದು ದಂಡಿಸುವ ಪದ್ಧತಿ ಗಿರಣಿಯಲ್ಲಿಯೂ ಇದೆ, ಬೋಟಿನಲ್ಲಿಯೂ ಇದೆ. ಆದುದರಿಂದ ಇದು ಬೋಟಿನವರ ಮಾತಾದರೂ ನಮ್ಮೆಲ್ಲರ ಮಾತು.

ಕಳೆದ ಹಂಗಾಮಿನಲ್ಲಿ ನಡೆದ ಒಂದು ಪ್ರಸಂಗವನ್ನು ಮೊದಲು ಹೇಳಬೇಕು. ಬೋಟಿನ ಹೆಸರು ಬೇಡ, ಧಣಿಯ ಹೆಸರೂ ಬೇಡ. ಮೀನು ತುಂಬಿಕೊಂಡು ಮರಳುತ್ತಿದ್ದ ಆ ಬೋಟಿನ ಇಂಜಿನ್ ಅಳಿವೆಯ ಬಾಗಿಲಿನಲ್ಲಿ ಕೆಮ್ಮಿತು, ಬಿಕ್ಕಿತು, ನಿಂತುಬಿಟ್ಟಿತು. ಅಳಿವೆ ಎಂದರೆ ಏನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹೊಳೆಯ ನೀರು ಹೊರಗೆ ತಳ್ಳುತ್ತದೆ, ಕಡಲಿನ ಅಲೆ ಒಳಗೆ ನೂಕುತ್ತದೆ, ಅಡಿಯಲ್ಲಿ ಮರಳಿನ ದಿಬ್ಬ. ಅಲ್ಲಿ ಇಂಜಿನ್ ಇಲ್ಲದ ಬೋಟು ಅಲೆಗೆ ಅಡ್ಡ ತಿರುಗಿದರೆ ಮುಗಿಯಿತು. ತಾಂಡೇಲನ ಅನುಭವದಿಂದ ಲಂಗರು ಸಕಾಲಕ್ಕೆ ಬಿತ್ತು. ಹಿಂದೆ ಬರುತ್ತಿದ್ದ ಇನ್ನೊಂದು ಬೋಟು ಹಗ್ಗ ಎಸೆದು ಎಳೆದುಕೊಂಡು ಬಂತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ದಡ ಸೇರಿದ ಮೇಲೆ ವಿಚಾರಣೆ ನಡೆಯಿತು. ಕೊನೆಯ ದಿನ ಟ್ಯಾಂಕಿಗೆ ಕ್ಯಾನಿನಿಂದ ಡೀಸೆಲ್ ಸುರಿದವನು ಜಾರ್ಖಂಡದಿಂದ ಬಂದ ಹತ್ತೊಂಬತ್ತರ ಹುಡುಗ, ಬೋಟಿನ ಕಲಾಸಿ. ಅವನದೇ ತಪ್ಪೆಂದು ತೀರ್ಮಾನವಾಯಿತು. ಆ ಸಲದ ಅವನ ಪಾಲನ್ನು ಹಿಡಿದಿಡಲಾಯಿತು. ಸುದ್ದಿ ತಿಳಿದು ನಾವು ಹೋದಾಗ ಮೇಸ್ತ್ರಿ ಇಂಜಿನಿನ ಫಿಲ್ಟರಿನ ಬಟ್ಟಲನ್ನು ಬಿಚ್ಚಿ ಅದರಲ್ಲಿದ್ದುದನ್ನು ಒಂದು ಗಾಜಿನ ಸೀಸೆಗೆ ಸುರಿದಿದ್ದ. ಅಡಿಯಲ್ಲಿ ಎರಡು ಬೆರಳು ನೀರು, ನಡುವೆ ಕಪ್ಪು ಲೋಳೆ, ಮೇಲೆ ಮಬ್ಬಾದ ಡೀಸೆಲ್. ನಂತರ ಆ ಕ್ಯಾನನ್ನು ನೋಡಿದೆವು. ಮುಚ್ಚಳ ಕಳೆದುಹೋಗಿತ್ತು. ಅದರ ಬದಲು ಪ್ಲಾಸ್ಟಿಕ್ ಚೀಲವನ್ನು ಸುತ್ತಿ ಬಲೆಯ ದಾರದಿಂದ ಕಟ್ಟಿದ್ದರು. ಕ್ಯಾನಿನ ಮೈಮೇಲೆ ಅದು ಹಿಂದೆ ಯಾವುದೋ ಸಾಬೂನು ದ್ರಾವಣದ ಡಬ್ಬಿಯಾಗಿತ್ತೆಂಬುದರ ಗುರುತು ಇನ್ನೂ ಇತ್ತು.

ಆ ಕ್ಯಾನನ್ನು ಗುಜರಿಯಿಂದ ಕೊಂಡು ತಂದವನು ಆ ಹುಡುಗನಲ್ಲ. ಮುಚ್ಚಳ ಕಳೆದಾಗ ಹೊಸದನ್ನು ತರಿಸುವ ಅಧಿಕಾರ ಅವನಿಗಿರಲಿಲ್ಲ. ಕ್ಯಾನು ತೊಳೆದು ಒಣಗಿಸಲು ಅವನಿಗೆ ಯಾರೂ ಒಂದು ಗಂಟೆಯ ಬಿಡುವು ಕೊಟ್ಟಿರಲಿಲ್ಲ. ಹೇಗೆ ತೊಳೆಯಬೇಕೆಂದು ಹೇಳಿಕೊಟ್ಟಿರಲಿಲ್ಲ. ಸುರಿ ಎಂದರು, ಸುರಿದ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೆವು. ಅದರ ಅರ್ಥ ಅಂದು ಧಕ್ಕೆಯಲ್ಲಿ ಕಣ್ಣಿಗೆ ಕಟ್ಟಿತು.

ನೀರು ಎಲ್ಲಿಂದ ಬಂತು?

ಕ್ಯಾನಿನೊಳಗೆ ಹಾಕಿದ್ದು ಡೀಸೆಲ್. ನೀರು ಎಲ್ಲಿಂದ ಬಂತು? ಪಂಪಿನವನೇ ಬೆರೆಸಿದನೆಂದು ಕೂಗುವುದು ಸುಲಭ. ಕೆಲವು ಸಲ ಅದು ನಿಜವೂ ಇರಬಹುದು. ಆದರೆ ಪ್ರತಿಸಲವೂ ಪಂಪಿನತ್ತ ಬೆರಳು ತೋರಿಸುವುದು ನಮ್ಮ ಕ್ಯಾನಿನೊಳಗೆ ನೋಡದಿರಲು ಒಂದು ನೆಪವಾಗುತ್ತದೆ.

ಸಡಿಲ ಮುಚ್ಚಳದ ಕ್ಯಾನು ಮಳೆಯಲ್ಲಿ ನಿಂತರೆ ಅದರ ಕುತ್ತಿಗೆಯ ಸುತ್ತ ನೀರು ನಿಲ್ಲುತ್ತದೆ. ರಾತ್ರಿ ತಂಪಾದಾಗ ಒಳಗಿನ ಗಾಳಿ ಕುಗ್ಗಿ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬೋಟಿನಲ್ಲಿ ಅಲೆಯ ತುಂತುರು ಕ್ಯಾನಿನ ಬಾಯಿಗೆ ಬಡಿಯುತ್ತದೆ. ಒದ್ದೆಯಾದ ಆಲಿಕೆಯನ್ನು ಒರೆಸದೆ ಇಟ್ಟರೆ ಅದರಲ್ಲಿದ್ದ ನೀರೂ ಒಳಗೆ ಹೋಗುತ್ತದೆ. ಅರ್ಧ ತುಂಬಿದ ಕ್ಯಾನಿನಲ್ಲಿ ಮೇಲಿನ ಗಾಳಿಯ ತೇವ ರಾತ್ರಿ ಬೆವರಿನಂತೆ ಒಳಗೋಡೆಗೆ ಹತ್ತಿ ಕೆಳಗಿಳಿಯುತ್ತದೆ. ಒಂದು ರಾತ್ರಿಗೆ ಇದು ಕೆಲವೇ ಹನಿ. ಆದರೆ ಮುಚ್ಚಳ ಸಡಿಲವಿದ್ದರೆ ಹಗಲು ಬಿಸಿಯಾಗಿ ಗಾಳಿ ಹೊರಗೆ, ರಾತ್ರಿ ತಂಪಾಗಿ ತೇವದ ಗಾಳಿ ಒಳಗೆ. ಮಳೆಗಾಲದ 61 ದಿನಗಳಲ್ಲಿ ಹನಿಗೂಡಿ ಹಳ್ಳವಾಗುತ್ತದೆ.

ನೀರು ಡೀಸೆಲಿಗಿಂತ ಭಾರ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ. ಆದುದರಿಂದ ನೀರು ಅಡಿಗೆ ಹೋಗಿ ಕೂರುತ್ತದೆ, ಮೇಲಿನಿಂದ ನೋಡಿದವನಿಗೆ ಕಾಣಿಸುವುದಿಲ್ಲ. ಹೊಳೆಯಲ್ಲಿ ಬೋಟು ಸಮಾಧಾನವಾಗಿ ಸಾಗುವಾಗ ಅದೂ ಸಮಾಧಾನವಾಗಿ ಇರುತ್ತದೆ. ಅಲೆಯ ಹೊಡೆತಕ್ಕೆ ಟ್ಯಾಂಕು ಕುಲುಕಿದಾಗಲೇ ಅಡಿಯ ನೀರೂ ಕೆಸರೂ ಎದ್ದು ಕೊಳವೆಗೆ ನುಗ್ಗುತ್ತವೆ. ಇಂಜಿನ್ ಬೇಕೇ ಬೇಕಾದ ಗಳಿಗೆಯಲ್ಲಿಯೇ ಅದು ನಿಲ್ಲುವುದು ಇದರಿಂದ. ಇದರಲ್ಲಿ ವಿಧಿಯ ಆಟವೇನೂ ಇಲ್ಲ.

ಇನ್ನು ಆ ಕಪ್ಪು ಲೋಳೆ. ಅದು ಬರಿಯ ಕೊಳೆಯಲ್ಲ, ಜೀವವಿರುವ ವಸ್ತು. ನೀರೂ ಡೀಸೆಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆಯುತ್ತವೆ. ಅಮಾರ್ಫೊಥೀಕಾ ರೆಸಿನೇ ಎಂಬ ಒಂದು ಬೂಷ್ಟು ಇಂಧನ ಟ್ಯಾಂಕುಗಳಲ್ಲಿ ಜಗತ್ತಿನಾದ್ಯಂತ ಕಂಡುಬಂದಿದೆ. ಇವು ನೀರಿನಲ್ಲಿ ವಾಸಿಸುತ್ತವೆ, ಎಣ್ಣೆಯನ್ನು ತಿನ್ನುತ್ತವೆ, ಆಮ್ಲವನ್ನು ಬಿಡುತ್ತವೆ, ಸತ್ತು ಲೋಳೆಯಾಗಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತವೆ. ನಮ್ಮ ಕರಾವಳಿಯ ಬೆಚ್ಚನೆಯ ಹವೆ ಇವಕ್ಕೆ ತವರುಮನೆ. ಆದರೆ ನೀರಿಲ್ಲದೆ ಇವು ಬದುಕಲಾರವು. ನೀರನ್ನು ದೂರವಿಟ್ಟರೆ ಈ ರೋಗದ ಬೇರನ್ನೇ ಕಿತ್ತಂತೆ.

ಮುಂದೆ ಈ ಎಚ್ಚರ ಇನ್ನೂ ಹೆಚ್ಚು ಬೇಕಾಗುತ್ತದೆ. ಸಸ್ಯಮೂಲದ ಎಣ್ಣೆಯಿಂದ ಮಾಡಿದ ಜೈವಿಕ ಡೀಸೆಲನ್ನು 2030ರ ಹೊತ್ತಿಗೆ ಶೇಕಡಾ 5ರಷ್ಟು ಬೆರೆಸಬೇಕೆಂಬ ಗುರಿಯನ್ನು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಇಟ್ಟುಕೊಂಡಿದೆ. ಗುರಿಯನ್ನು ನಾವು ದೂಷಿಸುವುದಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಒಂದು ಡೀಸೆಲ್ ಇಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಆದರೆ ಜೈವಿಕ ಡೀಸೆಲ್ ಸಾದಾ ಡೀಸೆಲಿಗಿಂತ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಹಳಸುತ್ತದೆ. ಹೀಗಿರುವಲ್ಲಿ ತಾತನ ಕಾಲದ ಕ್ಯಾನೂ ತಾತನ ಕಾಲದ ಅಭ್ಯಾಸವೂ ಸಾಲುವುದಿಲ್ಲ.

ಕೂದಲೆಳೆಗಿಂತ ಸೂಕ್ಷ್ಮ

ಇಷ್ಟು ಚೂರು ಕೊಳೆಗೆ ಇಷ್ಟು ದೊಡ್ಡ ಇಂಜಿನ್ ಏಕೆ ಹೆದರಬೇಕು? ಡೀಸೆಲ್ ಇಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ಇಂಧನವನ್ನು ಮಂಜಿನಂತೆ ಸಿಂಪಡಿಸಬೇಕು. 1897ರಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಇಂಜಿನಿನ ತತ್ವ ಇದೇ. ಹಾಗೆ ಸಿಂಪಡಿಸುವ ಪಂಪಿನೊಳಗೆ ಕಡ್ಡಿಗೂ ಕೊಳವೆಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಆ ಸಂದು ಎಷ್ಟು ಸಣ್ಣದೆಂದು ಊಹಿಸಿಕೊಳ್ಳಿ. ಅಲ್ಲಿ ಗ್ರೀಸು ಹಚ್ಚುವವರಿಲ್ಲ, ಡೀಸೆಲೇ ಅದಕ್ಕೆ ಜಾರು. ಡೀಸೆಲಿನ ಬದಲು ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಉಪ್ಪುನೀರಾದರೆ ತುಕ್ಕೂ ಸೇರುತ್ತದೆ. ದಪ್ಪ ಕಸವನ್ನು ಫಿಲ್ಟರ್ ತಡೆಯುತ್ತದೆ, ತಡೆದು ತಡೆದು ತಾನೇ ಕಟ್ಟಿಕೊಳ್ಳುತ್ತದೆ. ಅತಿ ಸಣ್ಣ ಧೂಳು ಅದನ್ನೂ ದಾಟಿ ಪಂಪನ್ನು ತೇಯುತ್ತದೆ.

1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆಯಲ್ಲಿ ನಮ್ಮ ಕಾರ್ಮಿಕರು ದಶಕಗಳ ಕಾಲ ಇಂಥ ಇಂಧನ ಪಂಪಿನ ಭಾಗಗಳನ್ನು ತಯಾರಿಸಿದರು. ಮೈಕ್ರಾನಿನ ಲೆಕ್ಕದಲ್ಲಿ ಲೋಹವನ್ನು ತಿದ್ದಿದ ಆ ಕೈಗಳ ಕೆಲಸವನ್ನು ಕ್ಯಾನಿನ ಬಾಯಿಗೆ ಅಂಟಿದ ಒಂದು ಚಿಟಿಕೆ ಹೊಯಿಗೆ ಹಾಳುಮಾಡುತ್ತದೆ. ಒಬ್ಬ ದುಡಿಮೆಗಾರನ ಕೌಶಲವನ್ನು ಇನ್ನೊಬ್ಬ ದುಡಿಮೆಗಾರ ಕಾಪಾಡಬೇಕಾದರೆ ಅವನಿಗೆ ಅದಕ್ಕೆ ತಕ್ಕ ಸಾಧನವೂ ಸಮಯವೂ ಬೇಕು ಎಂಬುದೇ ನಮ್ಮ ವಾದ.

ತೊಳೆಯುವ ಬಗೆ

ಕ್ಯಾನನ್ನು ಕಡಲನೀರಿನಿಂದ ತೊಳೆಯುವ ಅಭ್ಯಾಸವನ್ನು ಮೊದಲು ಬಿಡತಕ್ಕದ್ದು. ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ. ಹೆಚ್ಚು ಕೊಳೆಯಿಲ್ಲದ ಕ್ಯಾನಿಗೆ ಅರ್ಧ ಲೀಟರ್ ಒಳ್ಳೆಯ ಡೀಸೆಲ್ ಹಾಕಿ, ಮುಚ್ಚಳ ಬಿಗಿದು, ಎಲ್ಲ ಮೂಲೆಗೂ ತಾಗುವಂತೆ ಕುಲುಕಿ, ಅದನ್ನು ಬೇರೊಂದು ಡಬ್ಬಿಗೆ ಸುರಿಯಬೇಕು. ಸುರಿದದ್ದು ತಿಳಿಯಾಗುವ ವರೆಗೆ ಹೀಗೆ ಮಾಡಬೇಕು. ಒಳಗೆ ಲೋಳೆಯಿದ್ದರೆ ಇಷ್ಟು ಸಾಲದು. ಬಿಸಿಯಾದ ಸಿಹಿನೀರಿಗೆ ಸಾಬೂನು ಬೆರೆಸಿ ತೊಳೆದು, ಸಾಬೂನಿನ ಜಾರು ಪೂರ್ತಿ ಹೋಗುವ ತನಕ ಸಿಹಿನೀರಿನಲ್ಲಿ ಜಾಲಾಡಿಸಿ, ಬಾಯಿ ಕೆಳಗಾಗಿ ಬೋರಲು ಇಟ್ಟು, ಒಂದು ಹನಿ ತೇವವೂ ಉಳಿಯದಂತೆ ಒಣಗಿಸಬೇಕು. ಮಳೆಗಾಲದಲ್ಲಿ ಇದಕ್ಕೆ ಎರಡು ಮೂರು ದಿನವೇ ಬೇಕಾದೀತು. ಆಮೇಲೆ ಸ್ವಲ್ಪ ಡೀಸೆಲಿನಲ್ಲಿ ಕೊನೆಯ ಸಲ ಜಾಲಾಡಿಸಬೇಕು. ಸಾಬೂನಿನ ಅಂಶ ಒಳಗೆ ಉಳಿದರೆ ಅದು ನೀರನ್ನೂ ಡೀಸೆಲನ್ನೂ ಬೆರೆಸಿ ಹಾಲಿನಂತೆ ಮಾಡುತ್ತದೆ. ಆಗ ನೀರು ಅಡಿಯಲ್ಲಿ ಕೂರುವುದೂ ಇಲ್ಲ.

ಕ್ಯಾನಿನ ಒಳಗೆ ಹತ್ತಿಯ ಚಿಂದಿ ತುರುಕಿ ಒರೆಸಬಾರದು. ಅದರ ಎಳೆ ಬಿಟ್ಟು ಹೋಗಿ ಫಿಲ್ಟರಿಗೆ ಸೇರುತ್ತದೆ, ನೂಲಿನ ಗಿರಣಿಯವರಿಗೆ ಇದು ಚೆನ್ನಾಗಿ ಗೊತ್ತು. ಚಿಂದಿಯ ಕೆಲಸ ಹೊರಗೆ. ಮುಚ್ಚಳ ತೆರೆಯುವ ಮೊದಲು ಕುತ್ತಿಗೆಯ ಸುತ್ತಲಿನ ಉಪ್ಪನ್ನೂ ಹೊಯಿಗೆಯನ್ನೂ ಒರೆಸಬೇಕು. ಮುಚ್ಚಳದ ಒಳಗಿನ ರಬ್ಬರಿನ ಬಳೆ ಬಿರುಕು ಬಿಟ್ಟಿದ್ದರೆ ಬದಲಾಯಿಸಬೇಕು. ಸತು ಲೇಪಿಸಿದ ತಗಡಿನ ಡಬ್ಬಿಯನ್ನೂ ತಾಮ್ರದ ಪಾತ್ರೆಯನ್ನೂ ಡೀಸೆಲಿಗೆ ಬಳಸಬಾರದು. ಆ ಲೋಹಗಳು ಡೀಸೆಲನ್ನು ಕೆಡಿಸುತ್ತವೆ.

ತುಂಬಿದ ಕ್ಯಾನನ್ನು ನೆರಳಿನಲ್ಲಿ ಇಡಬೇಕು. ಪೂರ್ತಿ ಬಾಯಿಯ ವರೆಗೆ ತುಂಬಬಾರದು, ಅರ್ಧವೂ ಬಿಡಬಾರದು. 20 ಲೀಟರ್ ಡೀಸೆಲ್ 20 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ಮೂರನೇ ಒಂದು ಲೀಟರ್ ಹಿಗ್ಗುತ್ತದೆ. ಅಷ್ಟು ಜಾಗವಿದ್ದರೆ ಸಾಕು. ಹಳೆಯದನ್ನು ಮೊದಲು ಖರ್ಚು ಮಾಡಬೇಕು. ಸುರಿಯುವ ಮುಂಚೆ ಕ್ಯಾನನ್ನು ಅಲುಗಿಸದೆ ಇಟ್ಟಿದ್ದು, ಸಣ್ಣ ಜಾಲರಿಯ ಆಲಿಕೆಯ ಮೂಲಕ ಸುರಿದು, ಅಡಿಯ ಎರಡು ಬೆರಳಷ್ಟನ್ನು ಟ್ಯಾಂಕಿಗೆ ಬಿಡದೆ ಉಳಿಸಬೇಕು. ಆ ಉಳಿದದ್ದನ್ನು ಗಾಜಿನ ಸೀಸೆಯಲ್ಲಿಟ್ಟು ಒಂದು ಗಂಟೆಯ ನಂತರ ನೋಡಿದರೆ ಕ್ಯಾನಿನ ಯೋಗ್ಯತೆ ತಾನೇ ತಿಳಿಯುತ್ತದೆ. ತಿಳಿಯಾಗಿ ಹೊಳೆದರೆ ಒಳ್ಳೆಯದು. ಮಬ್ಬಾಗಿದ್ದರೆ ನೀರಿದೆ. ಕಪ್ಪು ಎಳೆ ತೇಲಿದರೆ ಬೂಷ್ಟಿದೆ.

ಇನ್ನು ಪ್ರಾಣದ ಮಾತು. ರಬ್ಬರಿನ ಕೊಳವೆಯನ್ನು ಬಾಯಿಂದ ಎಳೆದು ಡೀಸೆಲ್ ಇಳಿಸುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಒಂದು ಗುಟುಕು ಡೀಸೆಲ್ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಉಸಿರಾಟದ ಗಂಭೀರ ಕಾಯಿಲೆಯಾಗುತ್ತದೆ. ಅಂಥವನಿಗೆ ವಾಂತಿ ಮಾಡಿಸಬಾರದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕೈಯಿಂದ ಒತ್ತುವ ಸಣ್ಣ ಪಂಪು ಬೋಟಿನಲ್ಲಿ ಇದ್ದರೆ ಯಾರೂ ಬಾಯಿ ಹಾಕಬೇಕಾಗಿಲ್ಲ. ಕ್ಯಾನು ತೊಳೆಯುವಾಗ ಬೀಡಿ ಬೇಡ. ನಮ್ಮ ದೇಶದ ಮಾನದಂಡದಂತೆ ಡೀಸೆಲಿನ ಜ್ವಲನಬಿಂದು 35 ಡಿಗ್ರಿಗಿಂತ ಕಡಿಮೆಯಿರಬಾರದೆಂದಿದೆ. ನಡುಹಗಲಿನ ಇಂಜಿನ್ ಕೋಣೆ ಅಷ್ಟು ಬಿಸಿಯಾಗಲು ಹೊತ್ತು ಬೇಕಿಲ್ಲ. ಪೆಟ್ರೋಲ್ ಇದ್ದ ಕ್ಯಾನಿಗೆ ಡೀಸೆಲ್ ತುಂಬಿದರೆ ಅಪಾಯ ಇನ್ನೂ ಹೆಚ್ಚು. ತೊಳೆದ ಕೊಳೆ ಡೀಸೆಲನ್ನು ಹೊಳೆಗೆ ಸುರಿಯಕೂಡದು. ನಾವು ಹಿಡಿಯುವ ಮೀನಿನ ಮನೆಗೆ ನಾವೇ ವಿಷ ಹಾಕಿದಂತೆ ಅದು.

ಪೇಟೆಯವರಿಗೆ ಒಂದು ಮಾತು

ಗುಜರಿ ವ್ಯಾಪಾರಿಗಳು ನಮ್ಮವರೇ, ಬಡ ಸಂಸಾರಸ್ಥರು. ಖಾಲಿ ಕ್ಯಾನು ಮಾರಿ ಹೊಟ್ಟೆ ಹೊರೆಯುವುದು ತಪ್ಪಲ್ಲ. ಆದರೆ ಅದರಲ್ಲಿ ಹಿಂದೆ ಏನಿತ್ತೆಂದು ಕೊಳ್ಳುವವನಿಗೆ ಹೇಳುವುದು ವ್ಯಾಪಾರದ ಧರ್ಮ. ಫಿನಾಯಿಲ್, ಸಾಬೂನು ದ್ರಾವಣ, ಆಮ್ಲ ಇವುಗಳ ಡಬ್ಬಿಯನ್ನು ಡೀಸೆಲಿಗೆಂದು ಕೊಡಬೇಡಿ. ಕೀಟನಾಶಕದ ಡಬ್ಬಿಯನ್ನಂತೂ ಯಾವುದಕ್ಕೂ ಮಾರಬೇಡಿ. ಅದು ಮತ್ತೆ ಬಳಕೆಗೆ ಬಾರದಂತೆ ನೋಡಿಕೊಳ್ಳಬೇಕೆಂಬುದು 1971ರ ಕೀಟನಾಶಕ ನಿಯಮಗಳ ಉದ್ದೇಶ. ಇಂಧನಕ್ಕೆಂದೇ ಮಾಡಿದ ದಪ್ಪ ಕ್ಯಾನು, ಹೊಂದುವ ಮುಚ್ಚಳ, ಬಿಡಿ ರಬ್ಬರ್ ಬಳೆ, ಜಾಲರಿಯ ಆಲಿಕೆ ಇವನ್ನು ಧಕ್ಕೆಯ ಹತ್ತಿರದ ಅಂಗಡಿಗಳವರು ಇಟ್ಟುಕೊಂಡರೆ ವ್ಯಾಪಾರವೂ ಆದೀತು, ಉಪಕಾರವೂ ಆದೀತು.

ಪೇಟೆಯವರನ್ನೂ ಧಣಿಗಳನ್ನೂ ಟೀಕಿಸಿ ನಮ್ಮ ತಪ್ಪನ್ನು ಮುಚ್ಚಿಟ್ಟರೆ ಅದು ನ್ಯಾಯವಲ್ಲ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ವಾರ್ಷಿಕೋತ್ಸವಕ್ಕೆ ಬಾಡಿಗೆಯ ಜನರೇಟರ್ ತಂದಿದ್ದೆವು. ಡೀಸೆಲ್ ತರಲು ಜವಾನನ ಕೈಗೆ ಡಬ್ಬಿ ಕೊಟ್ಟವರು ನಾವು. ಅದು ಫಿನಾಯಿಲ್ ಡಬ್ಬಿ. ಮಕ್ಕಳ ನಾಟಕದ ಎರಡನೆಯ ಅಂಕದಲ್ಲಿ ಯಂತ್ರ ನಿಂತು ಕತ್ತಲೆಯಾಯಿತು. ಊರ ಹಿರಿಯರ ಮುಂದೆ ಅವಮಾನವಾಯಿತೆಂದು ನಾವು ಎಲ್ಲರ ಎದುರಿಗೆ ಬೈದದ್ದು ಆ ಜವಾನನನ್ನು. ಆತ ತಲೆ ತಗ್ಗಿಸಿ ನಿಂತನೇ ವಿನಾ, ಡಬ್ಬಿ ಕೊಟ್ಟವರು ನೀವೇ ಎಂದು ಹೇಳಲಿಲ್ಲ. ಮರುದಿನ ಯಂತ್ರದವನು ಕಾರಣ ತಿಳಿಸಿದ ಮೇಲೂ ನಾವು ಆತನಲ್ಲಿ ಕ್ಷಮೆ ಕೇಳಲಿಲ್ಲ. ಧಕ್ಕೆಯಲ್ಲಿ ಆ ಹುಡುಗ ತಲೆ ತಗ್ಗಿಸಿ ನಿಂತದ್ದನ್ನು ಕಂಡಾಗ ನಮಗೆ ಮೊದಲು ನೆನಪಾದದ್ದು ಧಣಿಯ ದಬ್ಬಾಳಿಕೆಯಲ್ಲ, ನಮ್ಮದೇ ಆ ರಾತ್ರಿ.

ಏನು ಮಾಡಬೇಕು?

ಅನೇಕ ಬೋಟುಗಳಲ್ಲಿ ಡೀಸೆಲ್, ಐಸು, ಅಕ್ಕಿಯ ಖರ್ಚನ್ನು ಮೊದಲು ಕಳೆದು, ಉಳಿದದ್ದರಲ್ಲಿ ಧಣಿಗೂ ಕೆಲಸದವರಿಗೂ ಪಾಲು ಮಾಡುವ ರೂಢಿಯಿದೆ. ಅಂದಮೇಲೆ ಕೆಟ್ಟುಹೋದ ಡೀಸೆಲಿನ ನಷ್ಟ ಕಲಾಸಿಯ ತಟ್ಟೆಯಿಂದಲೂ ಹೋಗಿಯೇ ಇರುತ್ತದೆ. ಅದರ ಮೇಲೆ ಅವನ ಪಾಲನ್ನೂ ಹಿಡಿದರೆ ಒಂದೇ ನಷ್ಟಕ್ಕೆ ಎರಡು ಸಲ ದಂಡ ಹಾಕಿದಂತೆ. ಇದು ಲೆಕ್ಕ ಬಲ್ಲ ಯಾವ ವ್ಯಾಪಾರಿಗೂ ಅರ್ಥವಾಗುವ ಅನ್ಯಾಯ.

ಆದುದರಿಂದ ಹಂಗಾಮು ಆರಂಭವಾಗುವ ಮೊದಲೇ ಕೆಲವು ಮಾತುಗಳನ್ನು ಗೊತ್ತುಮಾಡಿಕೊಳ್ಳಬೇಕೆಂದು ನಾವು ಬೋಟಿನ ಧಣಿಗಳನ್ನೂ ಮೀನುಗಾರರ ಸಹಕಾರ ಸಂಘಗಳನ್ನೂ ಒತ್ತಾಯಿಸುತ್ತೇವೆ. ಡೀಸೆಲಿಗೆ ಬೇರೆಯೇ ಕ್ಯಾನು, ಆಲಿಕೆ, ಕೈಪಂಪು ಇರಬೇಕು. ಅವುಗಳ ಖರ್ಚು ಕಲಾಸಿಯ ತಲೆಗೆ ಬರಬಾರದು. ದಡಕ್ಕೆ ಬಂದಾಗ ಕ್ಯಾನು ತೊಳೆದು ಒಣಗಿಸುವುದನ್ನು ಕೆಲಸವೆಂದು ಎಣಿಸಿ ಅದಕ್ಕೆ ಹೊತ್ತು ಕೊಡಬೇಕು. ಕೊಳೆ ಡೀಸೆಲ್ ಹಾಕಲು ಧಕ್ಕೆಯಲ್ಲಿ ಒಂದು ಪೀಪಾಯಿ ಇಟ್ಟು, ಅದನ್ನು ಕ್ರಮವಾಗಿ ವಿಲೇವಾರಿ ಮಾಡಬೇಕು. ಇಂಜಿನ್ ನಿಂತರೆ ಫಿಲ್ಟರಿನ ಬಟ್ಟಲನ್ನು ಎಲ್ಲರ ಎದುರಿಗೆ ಬಿಚ್ಚಿ ನೋಡದೆ ಯಾರ ಪಾಲನ್ನೂ ಮುಟ್ಟಬಾರದು.

ಗುರುತಿನ ವಿಷಯದಲ್ಲಿ ನಮ್ಮದೊಂದು ಸಲಹೆ. ಅಕ್ಷರ ಕಲಿಸಿಯೇ ಹೊಟ್ಟೆ ಹೊರೆದವರು ನಾವು. ಕ್ಯಾನಿನ ಮೇಲೆ ಡೀಸೆಲ್ ಎಂದು ಬರೆದರೆ ಸಾಕೆಂದೇ ಮೊದಲು ಎಣಿಸಿದ್ದೆವು. ಆದರೆ ಇಂದು ನಮ್ಮ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ, ಆಂಧ್ರ, ತಮಿಳುನಾಡಿನಿಂದ ಬಂದವರು ದುಡಿಯುತ್ತಿದ್ದಾರೆ. ಕನ್ನಡ ಓದಲು ಬಾರದವನಿಗೆ ನಮ್ಮ ಕನ್ನಡದ ಬರಹ ಏನು ಹೇಳೀತು? ಬಣ್ಣಕ್ಕೆ ಭಾಷೆಯಿಲ್ಲ. ಡೀಸೆಲಿನ ಕ್ಯಾನಿಗೆ ಹಳದಿ ಪಟ್ಟೆ, ಕುಡಿಯುವ ನೀರಿನ ಕ್ಯಾನಿಗೆ ಬೇರೆ ಬಣ್ಣ, ಕೊಳೆಯ ಡಬ್ಬಿಗೆ ಕಪ್ಪು ಎಂದು ಒಂದು ಧಕ್ಕೆಯ ಎಲ್ಲ ಬೋಟುಗಳೂ ಒಪ್ಪಿಕೊಂಡರೆ, ನಿನ್ನೆ ಬಂದ ಹುಡುಗನೂ ಕತ್ತಲಲ್ಲಿ ಟಾರ್ಚು ಹಿಡಿದು ತಪ್ಪಿಲ್ಲದೆ ಸುರಿಯಬಲ್ಲ.

ಸಾಲ ಮಾಡಿ ಬೋಟು ಕಟ್ಟಿಸಿದ್ದೇವೆ, ಈ ಖರ್ಚೆಲ್ಲ ಎಲ್ಲಿಂದ ತರುವುದು ಎಂದು ಸಣ್ಣ ಧಣಿಗಳು ಕೇಳುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಒಂದು ಇಂಜೆಕ್ಷನ್ ಪಂಪಿನ ರಿಪೇರಿಯ ಬಿಲ್ಲನ್ನೂ ನಾಲ್ಕು ಒಳ್ಳೆಯ ಕ್ಯಾನಿನ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಒಬ್ಬೊಬ್ಬರಿಗೆ ಹೊರೆಯಾದರೆ ಹತ್ತು ಬೋಟಿನವರು ಕೂಡಿ ಕೊಳ್ಳಲಿ, ಸಹಕಾರ ಸಂಘ ಇರುವುದು ಇಂಥದಕ್ಕೇ. ನಮ್ಮ ಹಿರಿಯರು ಹೀಗೆಯೇ ಮಾಡುತ್ತಿದ್ದರು, ಏನೂ ಆಗಲಿಲ್ಲ ಎಂದು ಕೆಲವು ಕಲಾಸಿಗಳೂ ಹೇಳುತ್ತಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ಏನೋ ಆದವರು ಬಂದು ಹೇಳಲು ಉಳಿದಿರುವುದಿಲ್ಲ. ಧಣಿ ಕೊಡದಿದ್ದರೆ ಕೇಳಿ ಪಡೆಯಬೇಕು. ಆದರೆ ಕೊಟ್ಟ ಮೇಲೂ ಮುಚ್ಚಳ ಬಿಗಿಯದವನು ತನ್ನ ಜೊತೆಗಾರರ ಪ್ರಾಣಕ್ಕೆ ತಾನೇ ಹೊಣೆಗಾರ. ಹಕ್ಕು ಕೇಳುವ ಬಾಯಿಗೆ ಹೊಣೆ ಹೊರುವ ಕೈಯೂ ಇರಬೇಕೆಂಬುದನ್ನು ನಾವು ಗಿರಣಿಯ ಬಾಗಿಲಲ್ಲಿಯೂ ಹೇಳಿದ್ದೇವೆ, ಧಕ್ಕೆಯಲ್ಲಿಯೂ ಹೇಳುತ್ತೇವೆ.

ಆ ಹುಡುಗನ ಪಾಲಿನ ಕತೆ ಏನಾಯಿತೆಂದು ಓದುಗರು ಕೇಳಬಹುದು. ಮೂರು ಸಲ ಮಾತುಕತೆ ನಡೆದ ಮೇಲೆ ಅರ್ಧ ಸಿಕ್ಕಿತು. ಉಳಿದರ್ಧವನ್ನು ಮುಂದಿನ ಹಂಗಾಮಿನಲ್ಲಿ ನೋಡೋಣ ಎಂದರು. ಆ ಹಂಗಾಮು ಈಗ ಬಂದಿದೆ. ಊರಿನಿಂದ ಮರಳುತ್ತಿರುವ ಅವನ ಜೊತೆಯವರನ್ನು ವಿಚಾರಿಸಿದೆವು. ಅವನು ಈ ಸಲ ಬರುತ್ತಿಲ್ಲವಂತೆ. ಉಳಿದ ಅರ್ಧ ಪಾಲನ್ನು ಕೇಳಲು ನಾವು ಈ ವಾರವೇ ಮತ್ತೆ ಹೋಗುತ್ತೇವೆ. ಹೋದಾಗ ಆ ಬೋಟಿನ ಕ್ಯಾನಿಗೆ ಮುಚ್ಚಳ ಬಂದಿದೆಯೇ ಎಂದು ಸಹ ನೋಡಿ ಬರುತ್ತೇವೆ.

ಓದುಗ ಮಿತ್ರರಲ್ಲಿ ನಮ್ಮ ವಿನಂತಿ ಒಂದೇ. ನಿಮ್ಮ ಮನೆಯ ಹುಡುಗ ಬೋಟಿಗೆ ಹೊರಡುವ ಮುನ್ನ ಬುತ್ತಿ ಕಟ್ಟಿಕೊಡುತ್ತೀರಿ. ಈ ಸಲ ಅವನ ಜೊತೆ ಧಕ್ಕೆಯ ವರೆಗೆ ಹೋಗಿ, ಬೋಟಿನ ಡೀಸೆಲ್ ಕ್ಯಾನಿನ ಬಾಯಿ ತೆರೆಸಿ, ಒಳಗೆ ಒಮ್ಮೆ ಇಣುಕಿ ನೋಡಿ. ಬೆಳಕು ಹಿಡಿದಾಗ ಅಡಿ ತಿಳಿಯಾಗಿ ಕಾಣದಿದ್ದರೆ ಅಲ್ಲಿಯೇ ಕೇಳಿ: ಇದನ್ನು ತೊಳೆಯುವ ಕೆಲಸ ಯಾರದು, ಅದಕ್ಕೆ ಹೊತ್ತು ಕೊಡುವವರು ಯಾರು?